ಗುಡಿ ಹಿಂದಿನ ಮನಿ

ಅವ್ವ ತನ್ನ ತವರಿಗೆ ಬರೆಸುತ್ತಿದ್ದ ಕಾರ್ಡುಗಳ ವಿಳಾಸ ನನಗೆ ಇನ್ನೂ ಬಾಯಿಪಾಠ. ಮೊದಲ ಸಾಲಿನಲ್ಲಿ ಅಜ್ಜನ ಹೆಸರು, ಎರಡನೆಯದರಲ್ಲಿ 'ಗುಡಿ ಹಿಂದಿನ ಮನಿ', ಮೂರನೆಯದರಲ್ಲಿ 'ಮು. ಪೋ. ಐಹೊಳೆ, ತಾ. ಹುನಗುಂದ, ಜಿ. ವಿಜಾಪುರ'. ಅವ್ವನಿಗೆ ಓದುಬರಹ ಇರಲಿಲ್ಲ. ಅವಳು ಕಂಡಿಕೆ ಸುತ್ತುತ್ತ ಹೇಳುವಳು, ನಾನು ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಬೋರಲು ಮಲಗಿ ಬರೆಯುತ್ತಿದ್ದೆ. 1970ರ ಆಚೀಚಿನ ಮಾತು. ನೂರಿಪ್ಪತ್ತಕ್ಕೂ ಹೆಚ್ಚು ಗುಡಿಗಳಿರುವ ಊರಲ್ಲಿ 'ಗುಡಿ ಹಿಂದಿನ ಮನಿ' ಎಂದರೆ ಯಾವ ಮನೆ ಎಂದು ಟಪಾಲಿನವನಿಗೆ ಹೇಗೆ ತಿಳಿಯಬೇಕು ಅನ್ನುವ ಪ್ರಶ್ನೆ ಆಗ ನನ್ನ ತಲೆಗೆ ಬಂದಿರಲೇ ಇಲ್ಲ. ಒಂದು ಕಾರ್ಡೂ ದಾರಿ ತಪ್ಪಲಿಲ್ಲ. ಊರಿನ ಹಾಗೆ ಟಪಾಲಿನವನಿಗೂ ಯಾವ ಗುಡಿಯ ಬೆನ್ನಿಗೆ ಯಾರ ಮನೆ ಒರಗಿದೆ ಎಂಬುದು ಗೊತ್ತಿತ್ತು.

ಪರೀಕ್ಷೆ ಮುಗಿದ ಮರುದಿನವೇ ನಾವು ಐಹೊಳೆಗೆ ಹೊರಡುತ್ತಿದ್ದೆವು. ಇಳಕಲ್ಲಿನಿಂದ ಹುನಗುಂದ, ಹುನಗುಂದದಿಂದ ಅಮೀನಗಡ. ಅಮೀನಗಡದಲ್ಲಿ ಅವ್ವ ಕರದಂಟು ಕಟ್ಟಿಸಿಕೊಳ್ಳುವಳು. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಸೇರಿದ ಆ ಗಟ್ಟಿ ತುಂಡನ್ನು ದವಡೆಯಲ್ಲಿಟ್ಟುಕೊಂಡರೆ ಐಹೊಳೆ ಬರುವವರೆಗೂ ಕರಗುತ್ತಿರಲಿಲ್ಲ. ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ದಾರಿ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಮಾಮಾ ಕಳಿಸಿದ ಚಕ್ಕಡಿ. ಕರಿ ಎರಿ ಹೊಲಗಳು ಹಿಂದೆ ಸರಿದು ಮಣ್ಣು ಕೆಂಪಾಗುತ್ತ ಬರುವುದು. ಆಮೇಲೆ ಕಲ್ಲೂ ಕೆಂಪು. ಆ ಮರಳುಗಲ್ಲಿನ ಗುಡ್ಡ ಕಂಡ ಕೂಡಲೇ ಅವ್ವನ ಮುಖ ಬದಲಾಗುತ್ತಿದ್ದುದನ್ನು ನಾನು ಬಲ್ಲೆ. ಇಳಕಲ್ಲಿನಲ್ಲಿ ಎಂದೂ ಹಾಗೆ ನಗುತ್ತಿರಲಿಲ್ಲ ಅವಳು.

ಮನೆಗೆ ನಮ್ಮವು ಅನ್ನಬಹುದಾದ ಗೋಡೆಗಳು ಮೂರೇ. ನಾಲ್ಕನೆಯದು ಗುಡಿಯದು. ಮೂರು ಗೋಡೆಗಳಿಗೂ ಅದೇ ಗುಡ್ಡದ ಕಲ್ಲು, ಮೇಲೆ ತೊಲೆ ಜಂತಿ ಹಾಕಿ ಮಣ್ಣು ಮುಚ್ಚಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಮಧ್ಯಾಹ್ನದ ಬಿಸಿಲಿನ ಕೋಲು ಆ ಕಿಂಡಿಯಿಂದ ಇಳಿದು ನಾಲ್ಕನೆಯ ಗೋಡೆಯ ಮೇಲೆ ಬಿದ್ದಾಗ ಅಲ್ಲಿ ಒಂದು ಹೆಣ್ಣಿನ ಶಿಲ್ಪ ಕಾಣುತ್ತಿತ್ತು. ಮೂಗು ಸವೆದಿತ್ತು, ಒಂದು ಕೈ ಇರಲಿಲ್ಲ. ಆಯಿ, ಅಂದರೆ ಅವ್ವನ ಅವ್ವ, ದಿನಾ ಬೆಳಿಗ್ಗೆ ಅದರ ಹಣೆಗೆ ಕುಂಕುಮ ಹಚ್ಚುವಳು. ಅದು ಯಾವ ದೇವರು ಎಂದು ಒಮ್ಮೆ ಕೇಳಿದ್ದಕ್ಕೆ, "ಯಾರಾರ ಆಗ್ಲಿ, ನಮ್ಮ ಮನ್ಯಾಗಿನಾಕಿ" ಅಂದಿದ್ದಳು.

ಗುಡಿಯ ಒಳಗೆ ಕಣಿಕೆಯ ಬಣವೆ ಇರುತ್ತಿತ್ತು. ಮಳೆಗಾಲದಲ್ಲಿ ಎತ್ತುಗಳನ್ನೂ ಅಲ್ಲೇ ಕಟ್ಟುತ್ತಿದ್ದರು. ಹೊರಗಿನ ಕಟ್ಟೆಗೆ ಆಯಿ ಕುಳ್ಳು ತಟ್ಟುವಳು. ಅದೇ ಕಟ್ಟೆಯ ಒಂದು ಮೂಲೆಯಲ್ಲಿ ಬೊಗಸೆಯಷ್ಟು ಆಳದ ಒಂದು ಕುಳಿ. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಅದರಲ್ಲೇ ಖಾರ ಕುಟ್ಟಿದ್ದರಂತೆ. ಗುರೆಳ್ಳು ಚಟ್ನಿ ಕುಟ್ಟುವಾಗ ಏಳುತ್ತಿದ್ದ ಆ ಘಾಟು, ಕಲ್ಲಿನ ತಂಪು, ಒಳಗಿನಿಂದ ಬರುವ ಎತ್ತಿನ ಗಂಟೆಯ ಸದ್ದು ಸೇರಿ ಒಂದೇ ನೆನಪಾಗಿ ಉಳಿದಿವೆ. ಪಕ್ಕದಲ್ಲಿ ಹುಲಿಕಟ್ಟಿನ ಮನೆಗಳನ್ನು ಯಾರೋ ಎಂದೋ ಕೊರೆದಿದ್ದರು. ನಾವು ಹುಣಸೆ ಬೀಜ ಇಟ್ಟು ಆಡುತ್ತಿದ್ದೆವು. ಬೇಸಿಗೆಯ ರಾತ್ರಿ ಇಡೀ ಓಣಿ ಗುಡಿಗಳ ಕಟ್ಟೆಯ ಮೇಲೆ ಮಲಗುತ್ತಿತ್ತು. ಹಗಲಿನ ಬಿಸಿಲನ್ನು ಕಲ್ಲು ನಡುರಾತ್ರಿಯವರೆಗೆ ಬಿಡುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ತಣ್ಣಗಾಗಿ ಕೌದಿ ಎಳೆದುಕೊಳ್ಳುವಂತಾಗುತ್ತಿತ್ತು.

ಆ ಊರಿನ ಗುಡಿಗಳ ಹೆಸರುಗಳನ್ನು ಒಮ್ಮೆ ಒಟ್ಟಿಗೆ ಹೇಳಿಕೊಂಡು ನೋಡಬೇಕು. ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಿಮಲ್ಲಿ ಗುಡಿ, ರಾಚಿ ಗುಡಿ, ಚಿಕ್ಕಿ ಗುಡಿ, ಹುಚ್ಚಪ್ಪಯ್ಯನ ಗುಡಿ, ಕೊಂತಿ ಗುಡಿ, ಲಾಡಖಾನ್ ಗುಡಿ. ಗೌಡ, ಅಂಬಿಗ, ಬಡಿಗ, ಯಾರೋ ಹುಚ್ಚಪ್ಪಯ್ಯ, ಅಲ್ಲಿ ಸಂಸಾರ ಹೂಡಿದ್ದ ಒಬ್ಬ ಲಾಡಖಾನ. ಕಟ್ಟಿಸಿದ ಅರಸರ ಹೆಸರು ಹುಡುಕಿದರೂ ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಗುಡಿಯೊಳಗೆ ಅಥವಾ ಗುಡಿಯ ನೆರಳಲ್ಲಿ ಬದುಕಿದವರ ಹೆಸರುಗಳೇ ಹೆಚ್ಚು. ಊರಿನ ಅತಿ ಹೆಸರಾದ ಗುಡಿಯದೂ ಇದೇ ಕಥೆ. ಆನೆಯ ಬೆನ್ನಿನ ಹಾಗೆ ಹಿಂಬದಿ ಗುಂಡಗಿರುವ ದುರ್ಗದ ಗುಡಿಗೆ ದುರ್ಗೆಯ ಸಂಬಂಧವಿಲ್ಲ. ಅದು ಸೂರ್ಯನಿಗೆ ಕಟ್ಟಿದ ಗುಡಿ. ಎಂದೋ ಕೋಟೆಯ ಭಾಗವಾಗಿ, ಮೇಲೆ ಕಾವಲಿನ ಕಟ್ಟಡ ಏರಿದ್ದರಿಂದ ಜನ ದುರ್ಗದ ಗುಡಿ ಅಂದರು. ದುರ್ಗಾ ಭಗವತಿಯ ಹೆಸರಿನ ಶಾಸನ ಇರುವುದು ಗೌಡರ ಗುಡಿಯಲ್ಲಿ! ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಈ ಹೆಸರುಗಳ ಪಾಠ ಮಾಡುವಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಪುಲಕೇಶಿಯ ದಂಡಯಾತ್ರೆಗೆ ಅಷ್ಟು ಕಿವಿಗೊಡುತ್ತಿರಲಿಲ್ಲ.

ಪುಲಕೇಶಿಯ ಮಾತು ಬಂದದ್ದಕ್ಕೆ ಮೇಗುತಿ ನೆನಪಾಗುತ್ತದೆ. ಮೇಲಿನ ಗುಡಿ ಎನ್ನುವುದೇ ಮೇಗುತಿ ಆಗಿದೆ. ಗುಡ್ಡದ ನೆತ್ತಿಯ ಆ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ: ಶಕ 556, ಅಂದರೆ ಕ್ರಿ.ಶ. 634. ಸಂಸ್ಕೃತ ಭಾಷೆ, ನಮ್ಮ ಹಳಗನ್ನಡ ಲಿಪಿ. ಹರ್ಷನನ್ನು ಇಮ್ಮಡಿ ಪುಲಕೇಶಿ ತಡೆದದ್ದನ್ನು ಹೇಳುವ, ಕಾಳಿದಾಸ ಭಾರವಿಯರ ಸಾಲಿಗೆ ತನ್ನನ್ನು ಸೇರಿಸಿಕೊಳ್ಳುವ ಕವಿ ಅವನು. ಮಾಮನ ಆಡುಗಳನ್ನು ಮೇಯಿಸುತ್ತ ಹೋದ ನಾವು ಅದೇ ಗೋಡೆಗೆ ಬೆನ್ನು ಕೊಟ್ಟು ಬುತ್ತಿ ಬಿಚ್ಚುತ್ತಿದ್ದೆವು. ಅಲ್ಲಿಂದ ಕೆಳಗೆ ನೋಡಿದರೆ ಕೋಟೆಯ ಗೋಡೆಯೊಳಗಿನ ಊರು, ಮಾಳಿಗೆಗಳ ನಡುವೆ ತಲೆ ಎತ್ತಿದ ಶಿಖರಗಳು, ಆಚೆ ಮಲಪ್ರಭೆಯ ಬಾಗು. ಎಲ್ಲಿ ಮನೆ ಮುಗಿದು ಎಲ್ಲಿ ಗುಡಿ ಶುರುವಾಯಿತು ಎಂದು ಮೇಲಿನಿಂದ ಹೇಳಲಾಗುತ್ತಿರಲಿಲ್ಲ. ಲಾಡಖಾನ್ ಗುಡಿಯನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ಹತ್ತುತ್ತದೆ. ಅದರ ಇಳಿಜಾರು ಮಾಡಿಗೆ ಚಪ್ಪಡಿ ಹಾಸಿ, ಸಂದಿನ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಕೂಡ್ರಿಸಿದ್ದಾರೆ, ಕಟ್ಟಿಗೆಯ ಮನೆಗೆ ಮರದ ದಿಮ್ಮಿ ಇಟ್ಟ ಹಾಗೆ. ಮೇಲೆ ಹತ್ತಲು ಕಲ್ಲಿನ ನಿಚ್ಚಣಿಕೆ. ಮಾಳಿಗೆಗೆ ಹತ್ತುವ ನಮ್ಮ ಮನೆಯ ನಿಚ್ಚಣಿಕೆಯೂ ಅಂಥದೇ ಇತ್ತು, ಕಟ್ಟಿಗೆಯದು. ಗುಡಿ ಕಟ್ಟಿದವರು ಮನೆ ಕಟ್ಟಿ ಕೈ ಪಳಗಿಸಿಕೊಂಡವರು ಎಂದು ನಾನು ನಂಬಿದ್ದೇನೆ.

ಇಳಕಲ್ಲಿನಲ್ಲಿ ಮಗ್ಗ ನೇಯುತ್ತಿದ್ದ ಅಪ್ಪ ಐಹೊಳೆಗೆ ವರ್ಷಕ್ಕೊಮ್ಮೆ ಬರುವನು, ಸುಗ್ಗಿ ಮುಗಿದ ಮೇಲೆ. ಹೆಗಲ ಗಂಟಿನಲ್ಲಿ ಹತ್ತೆಂಟು ಸೀರೆ. ಗುಡಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿದರೆ ಓಣಿಯ ಹೆಂಗಸರೆಲ್ಲ ಸುತ್ತ ಸೇರುವರು. ಕೆಂಪು ಸೆರಗು, ಅದರಲ್ಲಿ ಬಿಳಿಯ ತೋಪು ತೆನಿ, ಜೋಳದ ತೆನೆಯನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಚಿಕ್ಕಿ ಪರಾಸ ದಡಿ ಆಯಿಗೆ ಇಷ್ಟ, ಗೋಮಿ ದಡಿ ಮಾಮಿಗೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಆದ್ದರಿಂದಲೇ ಉದ್ದನೆಯ ಹಾಸು ಒಂದೇ ಸಲ ಹೂಡಿ ಸೀರೆ ಮೇಲೆ ಸೀರೆ ನೇಯಲಾಗುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಹಾಸು, ಹೊಸದಾಗಿ ಕೊಂಡಿ. ಆ ಸಾವಿರಾರು ಎಳೆಗಳ ಕೆಲಸ ಮನೆಯ ಹೆಂಗಸರು ಮಕ್ಕಳದು. ನನ್ನ ಬೆರಳುಗಳಿಗೆ ಅದು ಇನ್ನೂ ಮರೆತಿಲ್ಲ. ಸೀರೆಗೆ ರೊಕ್ಕ ಕೊಡುವವರು ಕಡಿಮೆ. ಒಂದು ಚೀಲ ಜೋಳ, ಅರ್ಧ ಚೀಲ ಶೇಂಗಾ, ಉಳಿದದ್ದು ಮುಂದಿನ ಸುಗ್ಗಿಗೆ. 1972ರ ಬರದಲ್ಲಿ ಅಪ್ಪ ಗಂಟು ಬಿಚ್ಚಲೇ ಇಲ್ಲ. ಹಳೆಯ ಉದ್ರಿಯ ಮಾತನ್ನೂ ಎತ್ತದೆ, ಮಾಮನ ಜೊತೆ ಎರಡು ದಿನ ಸುಮ್ಮನೆ ಕೂತಿದ್ದು ಹೊರಟುಹೋದ.

ಮುಂದೆ ವಿದ್ಯುತ್ ಮಗ್ಗಗಳು ಬಂದವು. ನಮ್ಮ ಕುಣಿಮಗ್ಗದ ಕುಣಿಯನ್ನು ಮುಚ್ಚಿ ಫರಸಿ ಹಾಕಿಸಿದೆವು. ಅಪ್ಪ ಆ ಫರಸಿಯ ಮೇಲೆ ಕೊನೆಯವರೆಗೂ ಮಂಚ ಹಾಕಗೊಡಲಿಲ್ಲ.

ಐಹೊಳೆಯ ಬದಲಾವಣೆ ಒಂದು ದಿನದ್ದಲ್ಲ. ಮೊದಲು ಒಂದು ಗುಡಿಗೆ ತಂತಿ ಬೇಲಿ ಬಂತು, ನಂತರ ಇನ್ನೊಂದಕ್ಕೆ. ನಮ್ಮ ಗುಡಿಯಿಂದ ಕಣಿಕೆ ತೆಗೆಯಲು ಹೇಳಿದರು, ತೆಗೆದೆವು. ಎತ್ತುಗಳಿಗೆ ಮಾಮಾ ಬೇರೆ ಕೊಟ್ಟಿಗೆ ಹಾಕಿದ. ದುರ್ಗದ ಗುಡಿಯ ಸುತ್ತ ಹಸಿರು ಹುಲ್ಲು ಬೆಳೆಸಿದರು, ಪಕ್ಕದಲ್ಲಿ ವಸ್ತುಸಂಗ್ರಹಾಲಯವಾಯಿತು, ಬಾಗಿಲಲ್ಲಿ ಟಿಕೆಟ್ಟು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ತಾಣವಾದಾಗ, ಹದಿಮೂರು ಹದಿನಾಲ್ಕು ಕಿಲೋಮೀಟರ್ ದೂರದ ನಮ್ಮೂರಿಗೂ ಕಾರುಗಳು ಹೆಚ್ಚಾದವು. ಇದೆಲ್ಲ ತಪ್ಪು ಎಂದು ನಾನು ಹೇಳಲಾರೆ. ಒಲೆಯ ಹೊಗೆಗೆ ಕಪ್ಪಾದ ಕಂಬಗಳನ್ನು ಕಣ್ಣಾರೆ ಕಂಡಿದ್ದೇನೆ. ಗೂಟ ಬಡಿಯಲು ಹೋಗಿ ಶಿಲ್ಪದ ಅಂಚು ಕಿತ್ತದ್ದನ್ನೂ ಕಂಡಿದ್ದೇನೆ. ಹುಚ್ಚಪ್ಪಯ್ಯನ ಗುಡಿಯ ಛಾವಣಿಯ ಬ್ರಹ್ಮ ಮೊದಲಾದವರ ಶಿಲ್ಪಫಲಕಗಳು ಈಗ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿವೆ. ಅವು ಇಲ್ಲೇ ಇದ್ದಿದ್ದರೆ ಹೇಗಿರುತ್ತಿದ್ದವೋ ಎಂದು ಯೋಚಿಸಿದಾಗ ಒಮ್ಮೊಮ್ಮೆ ಹೋದದ್ದೇ ಒಳಿತಾಯಿತು ಅನ್ನಿಸುತ್ತದೆ. ಅಲ್ಲಿ ಅವುಗಳ ಮುಂದೆ ನಿಂತು ತಲೆ ಎತ್ತಿ ನೋಡಬೇಕಾದ್ದನ್ನು ಎದುರಿಗೇ ನೋಡಿದಾಗ ಮಾತ್ರ ಕಣ್ಣು ತುಂಬಿತ್ತು.

ಆದರೆ ಏಳೆಂಟುನೂರು ವರ್ಷ ಈ ಕಲ್ಲುಗಳ ಜೊತೆ ಇದ್ದವರು ಯಾರು? ಅರಸೊತ್ತಿಗೆಗಳು ಹೋದ ಮೇಲೆ ಪೂಜೆ ನಿಂತ ಗುಡಿಗೆ ಮಾಡು ಸೋರದಂತೆ ಮಣ್ಣು ಹೊದಿಸಿದವರು, ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಕಿತ್ತವರು, ಮೂಗು ಹೋದ ಮೂರ್ತಿಗೂ ಕುಂಕುಮ ಹಚ್ಚಿದವರು ಊರವರೇ. ನಮ್ಮ ಆಯಿ ಆ ಗೋಡೆಯ ಮೇಲಿನ ಹೆಣ್ಣನ್ನು ಕಾಯ್ದುಕೊಂಡದ್ದನ್ನು ಯಾವ ಫಲಕದ ಮೇಲೂ ಬರೆದಿಲ್ಲ. ಬರೆಯಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಊರನ್ನೇ ಎತ್ತಿ ಬೇರೆಡೆ ಕೂಡ್ರಿಸುವ ಮಾತು ನಾನು ಬಲ್ಲಾಗಿನಿಂದ ಇದೆ. ಚುನಾವಣೆಯ ಹಾಗೆ ಅದು ಬರುತ್ತದೆ, ಹೋಗುತ್ತದೆ. ಆ ಮಾತಿನ ನೆರಳಲ್ಲೇ ಜನ ಮನೆ ಗಟ್ಟಿ ಮಾಡಿಸಿಕೊಳ್ಳುವುದನ್ನು ಮುಂದೂಡುತ್ತ ಬಂದರು. ಇಂದಲ್ಲ ನಾಳೆ ಬಿಡಬೇಕಾದ ಮನೆಗೆ ಯಾರು ಸುಣ್ಣ ಬಳಿಯುತ್ತಾರೆ? 2010ರಲ್ಲಿ ಸ್ಮಾರಕ ಕಾಯ್ದೆಗೆ ತಿದ್ದುಪಡಿಯಾಗಿ, ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂದಾಯಿತು. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ಅಳತೆ ಸರಿ. ಹತ್ತು ಹೆಜ್ಜೆಗೊಂದು ಗುಡಿ ಇರುವ ಐಹೊಳೆಯಲ್ಲಿ ನೂರು ಮೀಟರಿನ ವೃತ್ತಗಳನ್ನು ಎಳೆಯುತ್ತ ಹೋದರೆ ಹೊರಗೆ ಉಳಿಯುವ ಮನೆಗಳೆಷ್ಟು? ಒಂದು ಪಾಯಖಾನೆ ಕಟ್ಟಲಿಕ್ಕೂ, ಬಿದ್ದ ಗೋಡೆ ಎತ್ತಲಿಕ್ಕೂ ಪರವಾನಿಗೆ. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಪಡುವಣ ಗೋಡೆ ಕುಸಿಯಿತು. ಮಾಮಾ ಅರ್ಜಿ ಹಿಡಿದು ಅಲೆದ. ಉತ್ತರ ಬರುವ ಹೊತ್ತಿಗೆ ಮತ್ತೊಂದು ಮಳೆಗಾಲ ಕಳೆದು ಮಾಳಿಗೆಯೂ ಜಗ್ಗಿತ್ತು. ಅವನ ಇಬ್ಬರು ಮಕ್ಕಳಲ್ಲಿ ಒಬ್ಬ ಅಮೀನಗಡದಲ್ಲಿ ಅಂಗಡಿ ಇಟ್ಟ, ಇನ್ನೊಬ್ಬ ಬಾಗಲಕೋಟೆಯ ನವನಗರ ಸೇರಿದ. ಮಾಮಾ ಮಾಮಿ ಕೊನೆಗೆ ಅಮೀನಗಡದ ಮಗನ ಮನೆಗೇ ಹೋದರು. ಮನೆ ಬಿಡು ಎಂದು ಯಾರೂ ಅವರಿಗೆ ಹೇಳಲಿಲ್ಲ. ಹಾಗೆ ಹೇಳಿಸಿಕೊಳ್ಳದೆಯೇ ಬಿಡಬೇಕಾಯಿತು.

ಹೊಳೆಯೂ ಬದಲಾಯಿತು. ಪರಶುರಾಮ ಕೊಡಲಿ ತೊಳೆದು ನೀರು ಕೆಂಪಾದಾಗ ಹೆಣ್ಣೊಬ್ಬಳು 'ಅಯ್ಯೋ ಹೊಳೆ!' ಅಂದಳು, ಅದೇ ಐಹೊಳೆ ಆಯಿತು ಎಂಬ ಕಥೆಯನ್ನು ಆಯಿ ಹೇಳುತ್ತಿದ್ದಳು. ಶಾಸನಗಳಲ್ಲಿ ಅಯ್ಯಾವೊಳೆ ಎಂದಿದೆ. ಬೇಸಿಗೆಯಲ್ಲಿ ನಾವು ಮರಳಿನಲ್ಲಿ ವರತಿ ತೋಡಿ ಕೊಡ ತುಂಬುತ್ತಿದ್ದೆವು. ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯ ಹೊಳೆ ಸೊರಗಿತು. ನೀರು ಬಂದರೆ ಒಮ್ಮೆಲೇ ಬರತೊಡಗಿತು. 2009ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಮತ್ತೆ ಬಂತು. ಆಗ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. 2009ರ ನೆರೆಯ ನಂತರ ದಂಡೆಯ ಎಷ್ಟೋ ಹಳ್ಳಿಗಳಿಗೆ ಸರ್ಕಾರದ 'ಆಸರೆ' ಮನೆಗಳು ಎದ್ದವು, ದನಕ್ಕೆ ಜಾಗವಿಲ್ಲದ, ಕಾಳು ತುಂಬಲು ಹಗೇವು ಇಲ್ಲದ ಮನೆಗಳು. ಇದೇ ನೀರು ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ಕೃಷ್ಣೆಗೆ ಕಟ್ಟಿದ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದವು. ನಮ್ಮ ಜಿಲ್ಲೆಯಲ್ಲಿ ಮನೆ ಬಿಟ್ಟವರ ಕಥೆ ಹೇಳಲು ಕೂತರೆ ಬಹಳ ಮಂದಿ ಸೇರುತ್ತಾರೆ.

ನಿವೃತ್ತಿಯ ನಂತರ ನನ್ನ ಓದೆಲ್ಲ ಅಯ್ಯಾವೊಳೆಯ ಐನೂರ್ವರ ಸುತ್ತ ತಿರುಗಿತು. ಈ ಊರಿನ ಹೆಸರು ಹೊತ್ತ ವರ್ತಕರ ಬಳಗ ಅದು. ವೀರಬಣಂಜು ಧರ್ಮ ಅವರದು. ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕೆಯಲ್ಲೆಲ್ಲ ಅವರ ಶಾಸನಗಳಿವೆ. ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ ಇಂಡೋನೇಷ್ಯಾದ ಒಂದು ಶಾಸನ. ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಎಂಬ ಊರು, ಅದರ ಪಕ್ಕದಲ್ಲಿ ಲೋಬು ತುವಾ ಎಂಬ ಪುಟ್ಟ ಹಳ್ಳಿ. ನಮ್ಮ ಮನೆಗಳ ಪಚ್ಚಕರ್ಪೂರ ಒಂದು ಕಾಲಕ್ಕೆ ಆ ಕಾಡುಗಳಿಂದಲೇ ಹೊರಡುತ್ತಿತ್ತು. 1873ರಲ್ಲಿ ಆ ಹಳ್ಳಿಯಲ್ಲಿ ಒಂದು ಕಂಬ ಸಿಕ್ಕಿತು. ತಮಿಳಿನ ಶಾಸನ, ಕಾಲ 1088. ಸಾವಿರ ದಿಕ್ಕುಗಳ ಐನೂರ್ವರು ಅಲ್ಲಿ ಕೂಡಿ, ಹಡಗಿನವರು ಕೊಡಬೇಕಾದ ಸುಂಕವನ್ನು ಗೊತ್ತುಮಾಡಿದರು ಎಂದು ಅದರ ಸಾರ. ನಮ್ಮ ಅಯ್ಯಾವೊಳೆಯ ಬಳಗದ ಜೊತೆಗೇ ವಿದ್ವಾಂಸರು ಅವರನ್ನು ಇಟ್ಟು ನೋಡಿದ್ದಾರೆ. 1995ರಿಂದ ಅಲ್ಲಿ ಅಗೆದಾಗ ಚೀನಾದ, ಅರಬ್ಬರ ನಾಡಿನ, ನಮ್ಮ ಕಡೆಯ ಮಡಕೆ ಚೂರುಗಳು ಸಿಕ್ಕವು. ಆ ಪಟ್ಟಣ ಹನ್ನೆರಡನೆಯ ಶತಮಾನದ ಸುಮಾರಿಗೆ ಬರಿದಾಯಿತು. ಕಂಬ ಈಗ ಜಕಾರ್ತಾದಲ್ಲಿದೆ.

ಆ ಹಳ್ಳಿಯ ಬಗ್ಗೆ ಓದಿದ ರಾತ್ರಿ ನಾನು ಅಪ್ಪನ ಗಂಟನ್ನು ನೆನೆಸಿಕೊಂಡೆ. ಹತ್ತೆಂಟು ಸೀರೆಗಳನ್ನು ಹೊತ್ತು, ಜೋಳಕ್ಕೆ ಬದಲಾಗಿ ಕೊಟ್ಟು, ಬರದ ವರ್ಷ ಉದ್ರಿಯ ಮಾತೆತ್ತದೆ ಹೋದ ಅಪ್ಪ. ಐನೂರ್ವರೂ ಎಲ್ಲೋ ಹೀಗೇ ಒಂದು ಕಟ್ಟೆಯ ಮೇಲೆ ಗಂಟು ಬಿಚ್ಚಿಯೇ ಶುರುಮಾಡಿರಬೇಕು. ಲೋಬು ತುವಾದ ತೋಟಗಳ ನಡುವೆ ಇಂದು ಬದುಕುವವರಿಗೆ ತಮ್ಮ ಕಾಲಡಿಯಲ್ಲಿ ನಮ್ಮ ಕಡೆಯ ಮಡಕೆಯ ಚೂರು ಇದೆ ಎಂಬುದು ಗೊತ್ತಿದೆಯೋ ಏನೋ. ಅಲ್ಲಿಯ ಹೆಂಗಸೊಬ್ಬಳು ಹಿತ್ತಲು ಅಗೆಯುವಾಗ ಒಂದು ಚೂರು ಎತ್ತಿ ಸೆರಗಿಗೆ ಒರೆಸಿ ಕಿಟಕಿಯ ಮೇಲೆ ಇಟ್ಟಿರಬಹುದು, ನಮ್ಮ ಆಯಿ ಇಡುತ್ತಿದ್ದ ಹಾಗೆ. ಅವಳಿಗೆ ಒಂದು ಕಾರ್ಡು ಬರೆಯಬೇಕು ಅನ್ನಿಸಿತು.

ಕಳೆದ ವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವಳು ಬರುವಾಗ ಐಹೊಳೆಯಲ್ಲಿ ಇಳಿದೆ. ಜಾತ್ರೆಯಲ್ಲಿ ನಾಟಕದ ಕಂಪನಿಗಳ ಡೇರೆಗಳಿದ್ದವು, ಬಾಗಿಲು ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಿದ್ದರು. ಮನೆ ಕಟ್ಟುವವರು ಬಂದು ಕೊಳ್ಳುವ ಬಾಗಿಲುಗಳು. ಐಹೊಳೆಯಲ್ಲಿ ಶಾಲೆ ಬಿಡುವ ಹೊತ್ತು. ಊರು ಇನ್ನೂ ಇದೆ, ಗುಡಿಗಳ ನಡುವೆ ಹಾಸಿದ ಜೋಳ, ಒಣಗಿಸಿದ ಮೆಣಸಿನಕಾಯಿ, ಗೇಟಿನ ಕಂಬಿಯ ಮೇಲೆ ಯಾರದೋ ಕೌದಿ. ನಮ್ಮ ಮನೆಯ ಜಾಗದಲ್ಲಿ ಕಲ್ಲುಗಳ ರಾಶಿ. ಮೂರು ಗೋಡೆಗಳು ಹೋಗಿವೆ. ನಾಲ್ಕನೆಯದು ಬಿಸಿಲಿನಲ್ಲಿ ನಿಂತಿತ್ತು. ಕಿಂಡಿಯ ಬೆಳಕಿನಲ್ಲಿ ಮಾತ್ರ ಕಂಡಿದ್ದ ಆ ಹೆಣ್ಣನ್ನು ಮೊದಲ ಸಲ ಪೂರ್ತಿ ನೋಡಿದೆ. ಅವಳ ಕಾಲ ಬಳಿ ಒಂದು ಪುಟ್ಟ ಹಂಸ ಇತ್ತು. ಇಷ್ಟು ವರ್ಷ ಅದು ನಮ್ಮ ಜೋಳದ ಚೀಲಗಳ ಹಿಂದೆ ಇತ್ತು.

ಹಣೆಯಲ್ಲಿ ಕುಂಕುಮವಿತ್ತು, ಹೊಸದು. ಪಕ್ಕದ ಓಣಿಯ ಹೆಂಗಸೊಬ್ಬಳು ಕೊಡ ಹೊತ್ತು ಬರುತ್ತಿದ್ದಳು. ಯಾರು ಹಚ್ಚುತ್ತಾರೆ ಅಂತ ಕೇಳಿದೆ. "ನಾನಾ ಹಚ್ತೀನ್ರಿ. ಈ ಮನ್ಯಾಕಿ ಮುದುಕಿ ಹೇಳಿ ಹೋಗಿದ್ಲು" ಅಂದಳು. ನೀವು ಯಾರು ಅಂತ ಅವಳು ಕೇಳಿದಳು. ಗುಡಿ ಹಿಂದಿನ ಮನಿಯ ಮೊಮ್ಮಗಳು ಅಂದೆ. ಅವಳು ಕೊಡ ಇಳಿಸಿ, ಕಟ್ಟೆಯ ಮೂಲೆಯ ಕುಳಿಯಲ್ಲಿ ನಿಂತ ಕಸವನ್ನು ಕೈಯಿಂದ ಬಳಿದು ತೆಗೆದು, ಅಲ್ಲೇ ಕೂರಲು ನನಗೆ ಜಾಗ ಮಾಡಿಕೊಟ್ಟಳು.